ಸಿಕ್ಕ ವಿಳಾಸವನ್ನು ಯಾರಿಗೂ ಕೊಡದ ಹುಡುಕಾಟ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಸಿವಿಲ್ ವಕೀಲರೊಬ್ಬರು ಕಾಣೆಯಾದವರನ್ನು ಹುಡುಕುವ ನಮ್ಮ ಖಾಸಗಿ ಕಚೇರಿಗೆ ಒಪ್ಪಿಸಿದ ಕೆಲಸವಿದು. ಒಬ್ಬ ತಾಯಿ ತೀರಿಕೊಂಡಿದ್ದರು, ಉಯಿಲು ಬರೆದಿಟ್ಟಿರಲಿಲ್ಲ. ಒಂದು ಮನೆ, ಒಂದಷ್ಟು ಜಮೀನು ನಾಲ್ವರು ಮಕ್ಕಳಿಗೆ ಸಮಪಾಲಾಗಿ ಬರಬೇಕಿತ್ತು. ಕೊಳ್ಳುವವರು ಸಿಕ್ಕಿದ್ದರು, ಮೂವರು ಮಕ್ಕಳು ಸಹಿ ಹಾಕಲು ಕಾದಿದ್ದರು. ಮೂರನೆಯವರಾದ ವಸುಧಾ (ಹೆಸರು ಬದಲಿಸಲಾಗಿದೆ) ಮಾತ್ರ 14 ವರ್ಷಗಳ ಹಿಂದೆ ಮನೆ ಬಿಟ್ಟವರು ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೋಗುವಾಗ ಒಂದು ಚೀಟಿ ಬರೆದಿಟ್ಟಿದ್ದರು: "ನಾನು ಕ್ಷೇಮವಾಗಿರುತ್ತೇನೆ. ನನ್ನನ್ನು ಹುಡುಕಬೇಡಿ."

ಆ ಎರಡನೆಯ ವಾಕ್ಯ ಇಡೀ ಕೆಲಸದ ಸ್ವರೂಪವನ್ನೇ ಬದಲಿಸುತ್ತದೆ. ದಾರಿ ತಪ್ಪಿದ ಮಗು, ಮರೆವಿನ ಕಾಯಿಲೆಯ ವೃದ್ಧರು ಸಿಗಲಿ ಎಂದು ಎಲ್ಲರೂ ಬಯಸುತ್ತಾರೆ. ಸ್ಕಿಪ್ ಟ್ರೇಸಿಂಗ್ ಎಂದು ವೃತ್ತಿಯಲ್ಲಿ ಕರೆಯುವ ಹುಡುಕಾಟದಲ್ಲಿ ಎದುರಿನವರ ಒಪ್ಪಿಗೆಯೇ ಇರುವುದಿಲ್ಲ. ಸಾಲ ತೀರಿಸದೆ ಊರು ಬಿಟ್ಟವರು, ಸಮನ್ಸ್ ತಪ್ಪಿಸಿಕೊಂಡು ಓಡಾಡುವವರು, ಹೊಡೆಯುವ ಗಂಡನಿಂದ ಪಾರಾಗಿ ಅಡಗಿ ಬದುಕುತ್ತಿರುವ ಹೆಂಡತಿ, ಇವರೆಲ್ಲರನ್ನೂ ಹುಡುಕುವ ವಿಧಾನ ಹೆಚ್ಚುಕಡಿಮೆ ಒಂದೇ. ಕಡತ ಕೈಗೆ ಬಂದಾಗ ಎದುರಿನ ವ್ಯಕ್ತಿ ಈ ಪೈಕಿ ಯಾರು ಎಂಬುದು ಗೊತ್ತಿರುವುದಿಲ್ಲ. ಕಕ್ಷಿದಾರರು ಹೇಳಿದ್ದಷ್ಟೇ ಗೊತ್ತಿರುತ್ತದೆ.

ಹಿರಿಯಣ್ಣನ ಸಲಹೆ ಬೇರೆಯೇ ಇತ್ತು. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಭಾವಿಸಲು ಕಾನೂನಿನಲ್ಲಿ ಅವಕಾಶವಿದೆಯಲ್ಲ, ಹಾಗೆಯೇ ಘೋಷಣೆ ಪಡೆದು ಮುಗಿಸಿಬಿಡೋಣ ಎಂಬುದು ಅವರ ವಾದ. ಭಾರತ, ಇಂಗ್ಲೆಂಡ್ ಸೇರಿದಂತೆ ಹಲವು ದೇಶಗಳಲ್ಲಿ ಈ 7 ವರ್ಷದ ನಿಯಮ ಇರುವುದು ನಿಜ. ಆದರೆ ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ತಲುಪಬೇಕಿತ್ತೋ ಅವರಿಗೆ ತಲುಪಿಲ್ಲ ಎಂಬುದು ಆ ಭಾವನೆಯ ತಳಹದಿ. ಬೇಕೆಂದೇ ಸಂಬಂಧ ಕಡಿದುಕೊಂಡವರ ವಿಷಯದಲ್ಲಿ ಆ ತಳಹದಿ ಗಟ್ಟಿಯಲ್ಲ. ಚೀಟಿಯನ್ನು ಓದಿದ್ದ ವಕೀಲರು ಇದಕ್ಕೆ ಒಪ್ಪಲಿಲ್ಲ. ಆಕೆ ನಾಳೆ ಎದುರು ಬಂದು ನಿಂತರೆ ಕೊಂಡವರ ಹಕ್ಕು ಅಲುಗಾಡುತ್ತದೆ ಎಂಬ ಲೆಕ್ಕಾಚಾರ ಅವರದು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು, ಬದುಕಿರುವ ಹೆಣ್ಣುಮಗಳನ್ನು ಕಾಗದದ ಮೇಲೆ ಸಾಯಿಸಿ ಅವರ ಪಾಲನ್ನು ಹಂಚಿಕೊಳ್ಳುವ ಅನ್ಯಾಯ. ಬೇಡ ಎಂದು ಬರೆದಿಟ್ಟವರನ್ನು ಹುಡುಕಲು ನಾವು ಒಪ್ಪಿಕೊಂಡದ್ದಕ್ಕೆ ಮುಖ್ಯ ಕಾರಣ ಇದೇ.

ಇಲ್ಲಿ ಬರುವ ಜನರ, ಊರುಗಳ ಗುರುತು ಸಿಗಬಹುದಾದ ವಿವರಗಳನ್ನು ಮಾರ್ಪಡಿಸಿದ್ದೇನೆ. ನಿರ್ಧಾರಗಳನ್ನೂ ಅವು ಬಂದ ಕ್ರಮವನ್ನೂ ಹಾಗೆಯೇ ಉಳಿಸಿದ್ದೇನೆ.

ಮೂವರು ಹೇಳಿದ ಮೂರು ಕಥೆ

ಕುಟುಂಬದವರನ್ನು ಒಟ್ಟಿಗೆ ಕೂರಿಸಿ ವಿಚಾರಿಸಿದರೆ ಹಿರಿಯರ ಕಥೆಯೇ ಎಲ್ಲರ ಕಥೆಯಾಗುತ್ತದೆ. ಹಾಗಾಗಿ ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕರೆಸಿದೆವು. ಎಲ್ಲರಿಗೂ ಕೇಳಿದ್ದು ಅದೇ ಪ್ರಶ್ನೆಗಳು: ಕೊನೆಯ ಬಾರಿ ನೋಡಿದ್ದು ಯಾವಾಗ, ಏನು ಮಾತಾಡಿದರು, ಏನು ತೆಗೆದುಕೊಂಡು ಹೋದರು, ಏನು ಬಿಟ್ಟು ಹೋದರು, ಯಾಕೆ ಹೋದರು.

ಹಿರಿಯಣ್ಣನ ಪ್ರಕಾರ ವಸುಧಾ ಒಬ್ಬನನ್ನು ನಂಬಿ ಮನೆ ಬಿಟ್ಟಿದ್ದರು. ಆ ಗಂಡಸಿನ ಹೆಸರು, ಆತ ಕೆಲಸ ಮಾಡುತ್ತಿದ್ದ ಊರು ಎಲ್ಲವನ್ನೂ ತಡವರಿಸದೆ ಹೇಳಿದರು. ಇನ್ನೊಬ್ಬ ಅಣ್ಣನ ಪ್ರಕಾರ ತಂಗಿಗೆ ಮನಸ್ಸು ಸರಿ ಇರಲಿಲ್ಲ. ಯಾಕೆ ಹಾಗನ್ನಿಸಿತು ಎಂದರೆ "ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದರು" ಎಂದರು. ಕಿರಿಯ ತಂಗಿ ಕಚೇರಿಯ ಒಳಗೆ ಕುಳಿತಿದ್ದಷ್ಟು ಹೊತ್ತು ಹೌದು, ಇಲ್ಲಗಳಲ್ಲೇ ಮುಗಿಸಿದರು. ಬೀಳ್ಕೊಡಲು ನಾನು ಮೆಟ್ಟಿಲವರೆಗೆ ಹೋದಾಗ ಎರಡು ಮೆಟ್ಟಿಲು ಇಳಿದವರು ನಿಂತರು. ತಿರುಗಿ ನೋಡದೆ, ಕೈಚೀಲದ ಜಿಪ್ಪನ್ನು ಎಳೆಯುತ್ತ ಮುಚ್ಚುತ್ತ ಹೇಳಿದರು: "ಅಕ್ಕ ಸಿಕ್ಕರೆ ದೊಡ್ಡಣ್ಣನಿಗೆ ಮಾತ್ರ ವಿಳಾಸ ಕೊಡಬೇಡಿ ಸರ್. ಅವಳು ಯಾರ ಜೊತೆಗೂ ಹೋಗಲಿಲ್ಲ."

ಹಿರಿಯಣ್ಣ ಹೆಸರಿಸಿದ ಗಂಡಸನ್ನು ಹುಡುಕುವುದು ಕಷ್ಟವಾಗಲಿಲ್ಲ. ಆತ ಎಲ್ಲಿಗೂ ಓಡಿಹೋಗಿರಲಿಲ್ಲ. ಅದೇ ವೃತ್ತಿಯಲ್ಲಿ, ಅದೇ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದರು. ವಸುಧಾ ಅವರನ್ನು ಕೆಲಸದ ಮೇಲೆ ಒಮ್ಮೆಯೋ ಎರಡು ಬಾರಿಯೋ ಭೇಟಿಯಾಗಿದ್ದು ಬಿಟ್ಟರೆ ಬೇರೆ ನಂಟಿರಲಿಲ್ಲ. ತಮ್ಮ ಹೆಸರು ಆ ಮನೆಯಲ್ಲಿ ಹೀಗೆ ಬಳಕೆಯಾಗುತ್ತಿದೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಆ ಕಥೆ 14 ವರ್ಷ ಬಾಳಿದ್ದು ಏಕೆಂದರೆ ಅದನ್ನು ಹೇಳಿದ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುತ್ತಿರಲಿಲ್ಲ. ಮನೆ ಬಿಟ್ಟ ಹೆಣ್ಣಿನ ಬಗ್ಗೆ ಮನೆಯವರು ಕೊಡುವ ಕಾರಣವನ್ನು ನಾನು ಸುಳಿವು ಎಂದು ಬರೆದುಕೊಳ್ಳುವುದಿಲ್ಲ. ಅದು ಹೇಳಿದವರ ಬಗ್ಗೆ ಮಾಹಿತಿ ಎಂದು ಬೇರೆ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.

ಮೆಟ್ಟಿಲ ಮೇಲಿನ ಆ ಮಾತು ಕೇಳಿದ ದಿನವೇ ಕೆಲಸ ನಿಲ್ಲಿಸಿ ವಕೀಲರನ್ನು ಕಂಡೆ. ತಂಗಿಯ ಹೆಸರು ಹೇಳದೆ, ಒಪ್ಪಂದಕ್ಕೆ ಹೊಸ ಷರತ್ತು ಸೇರಿಸಬೇಕೆಂದು ಕೇಳಿದೆ: ವಸುಧಾ ಸಿಕ್ಕರೆ ಅವರ ಲಿಖಿತ ಒಪ್ಪಿಗೆ ಇಲ್ಲದೆ ವಿಳಾಸ, ಊರು, ಈಗಿನ ಹೆಸರು ಯಾವುದನ್ನೂ ನಾವು ಕುಟುಂಬಕ್ಕಾಗಲಿ ವಕೀಲರಿಗಾಗಲಿ ಕೊಡುವುದಿಲ್ಲ. ವಕೀಲರಿಗೆ ಸಿಟ್ಟು ಬಂತು. ಹಣ ಕೊಟ್ಟು ಹುಡುಕಿಸಿದ ಮೇಲೆ ವಿಳಾಸವೇ ಕೊಡುವುದಿಲ್ಲ ಎಂದರೆ ಏನರ್ಥ ಎಂದರು. ನಿಮಗೆ ನಿಜವಾಗಿ ಬೇಕಾಗಿರುವುದು ವಿಳಾಸವೋ ಸಹಿಯೋ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಸಹಿ ಎಂದು ಒಪ್ಪಿಕೊಂಡರು. ಷರತ್ತು ಒಪ್ಪಂದಕ್ಕೆ ಸೇರಿತು. ಮುಂದೆ ಆದ ಒಳ್ಳೆಯದೆಲ್ಲ ಈ ಮಾತುಕತೆಯಿಂದಲೇ ಆದದ್ದೆಂದು ನಾನು ನಂಬಿದ್ದೇನೆ. ಷರತ್ತನ್ನು ವ್ಯಕ್ತಿ ಸಿಗುವ ಮೊದಲೇ ಹಾಕಬೇಕು. ಸಿಕ್ಕ ಮೇಲೆ ಹಾಕಹೊರಟರೆ ಅದು ಚೌಕಾಶಿಯಾಗುತ್ತದೆ.

ಬಿಟ್ಟು ಹೋಗಲಾಗದ್ದು

ಜನ ಸಾಮಾನ್ಯವಾಗಿ ಊಹಿಸುವ ಹುಡುಕಾಟದ ಭಾಗ ಬೇಗ ಮುಗಿಯಿತು. ಸಾಮಾಜಿಕ ಜಾಲತಾಣಗಳಲ್ಲಿ ಏನೂ ಇರಲಿಲ್ಲ. ಸಾರ್ವಜನಿಕ ದಾಖಲೆಗಳಲ್ಲಿ ಅದೇ ಹೆಸರಿನ ಇಬ್ಬರು ಸಿಕ್ಕರು, ಜನ್ಮದಿನಾಂಕ ತಾಳೆಯಾಗಲಿಲ್ಲ. ಬ್ಯಾಂಕಿನ, ಮೊಬೈಲ್ ಕಂಪನಿಯ, ಸರ್ಕಾರದ ದತ್ತಾಂಶಗಳ ಬಾಗಿಲು ಖಾಸಗಿ ಹುಡುಕಾಟದವರಿಗೆ ಮುಚ್ಚಿರುತ್ತದೆ, ಮುಚ್ಚಿಯೇ ಇರಬೇಕು.

ಅಡಗಿ ಬದುಕುವವರು ಹೆಸರು ಬದಲಿಸಬಲ್ಲರು, ಊರು, ಫೋನ್, ಕೂದಲಿನ ಬಣ್ಣ ಬದಲಿಸಬಲ್ಲರು. ದೇಹಕ್ಕೆ ಅಂಟಿದ ಕಾಯಿಲೆ, ಕೈಗೆ ಹತ್ತಿದ ಕೆಲಸ, ಬಿಟ್ಟಿರಲಾಗದ ಒಬ್ಬ ವ್ಯಕ್ತಿ, ಇವನ್ನು ಬದಲಿಸುವುದು ಬಲು ಕಷ್ಟ. 2009ರಲ್ಲಿ ಇವಾನ್ ರ್‍ಯಾಟ್ಲಿಫ್ ಎಂಬ ಅಮೆರಿಕದ ಪತ್ರಕರ್ತ 'ವೈರ್ಡ್' ಪತ್ರಿಕೆಯ ಪ್ರಯೋಗಕ್ಕಾಗಿ ಒಂದು ತಿಂಗಳು ತಲೆಮರೆಸಿಕೊಳ್ಳಲು ಹೊರಟರು; ಹಿಡಿದವರಿಗೆ 5,000 ಡಾಲರ್ ಬಹುಮಾನವಿತ್ತು. ಸುಳ್ಳು ಹೆಸರು, ಬದಲಾದ ವೇಷ ಎಲ್ಲ ಇದ್ದರೂ 25ನೆಯ ದಿನ ನ್ಯೂ ಆರ್ಲಿಯನ್ಸ್‌ನಲ್ಲಿ ಸಿಕ್ಕಿಬಿದ್ದರು. ಅವರಿಗೆ ಸೀಲಿಯಾಕ್ ಕಾಯಿಲೆ ಇತ್ತು, ಗೋಧಿಯ ಗ್ಲುಟೆನ್ ಒಗ್ಗುತ್ತಿರಲಿಲ್ಲ. ಗ್ಲುಟೆನ್ ಇಲ್ಲದ ಪಿಜ್ಜಾ ಮಾಡುವ ಅಂಗಡಿಯವರೊಂದಿಗೆ ಹುಡುಕುವವರು ಮೊದಲೇ ಮಾತಾಡಿಟ್ಟಿದ್ದರು. 16 ವರ್ಷ ತಲೆತಪ್ಪಿಸಿಕೊಂಡಿದ್ದ ಬಾಸ್ಟನ್ನಿನ ಪಾತಕಿ ಜೇಮ್ಸ್ ಬಲ್ಜರ್ 2011ರಲ್ಲಿ ಸಿಕ್ಕಿದ್ದು, ಎಫ್‌ಬಿಐ ಆತನ ಬದಲು ಆತನ ಜೊತೆಗಿದ್ದ ಮಹಿಳೆಯ ಮೇಲೆ ಗಮನ ಹರಿಸಿದಾಗ. ಆಕೆಯ ಚಿತ್ರವನ್ನು ಮಹಿಳೆಯರು ಹೆಚ್ಚಾಗಿ ನೋಡುವ ಟಿವಿ ಕಾರ್ಯಕ್ರಮಗಳ ನಡುವೆ ತೋರಿಸಿದರು. ಕೆಲವೇ ದಿನಗಳಲ್ಲಿ ಹಳೆಯ ನೆರೆಯವರೊಬ್ಬರು ಗುರುತು ಹಿಡಿದರು.

ವಸುಧಾ ಅವರ ವಿಷಯದಲ್ಲಿ ದಾರಿ ತೋರಿಸಿದ್ದು ಒಂದು ಪ್ರಶ್ನೆ: ಏನು ತೆಗೆದುಕೊಂಡು ಹೋದರು? ಅಣ್ಣಂದಿರಿಗೆ ನೆನಪಿರಲಿಲ್ಲ. ತಂಗಿಗೆ ಒಂದೊಂದೂ ನೆನಪಿತ್ತು. ಚಿನ್ನದ ಬಳೆಗಳನ್ನು ಅಕ್ಕ ಕಪಾಟಿನಲ್ಲೇ ಬಿಟ್ಟಿದ್ದರು. ಒಯ್ದದ್ದು ತರಬೇತಿಯ ಮೂಲ ಪ್ರಮಾಣಪತ್ರ, ಮೂರು ಮೃದು ಕುಂಚ, ಕಾಗದ ಮಡಿಸಲು ಬಳಸುವ ಮೂಳೆಯ ಪಟ್ಟಿ. ವಸುಧಾ ಕಾಗದ ಸಂರಕ್ಷಕಿ. ಹುಳು ತಿಂದ, ನೆನೆದು ಹಾಳಾದ, ಮಡಿಕೆಯಲ್ಲಿ ಹರಿದ ಹಳೆಯ ದಾಖಲೆಗಳನ್ನು ಉಳಿಸುವ ಕೆಲಸ. ಹರಿದ ಜಾಗಕ್ಕೆ ಜಪಾನಿನ ಕೋಜೋ ನಾರಿನ ತೆಳು ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಕೂರಿಸುತ್ತಾರೆ. ಆ ತೆಳು ಕಾಗದವನ್ನು ಕತ್ತರಿಯಿಂದ ಕತ್ತರಿಸುವುದಿಲ್ಲ. ನೀರಿನಲ್ಲಿ ಗೆರೆ ಎಳೆದು, ಮೆಲ್ಲಗೆ ಎಳೆದು ಹರಿಯುತ್ತಾರೆ; ಆಗ ಅಂಚಿನಲ್ಲಿ ನಾರುಗಳು ಹೊರಚಾಚಿ ಹಳೆಯ ಕಾಗದದೊಂದಿಗೆ ಬೆಸೆದುಕೊಳ್ಳುತ್ತವೆ. ಬಳೆ ಬಿಟ್ಟು ಕುಂಚ ಒಯ್ದವರು ಈ ಕೆಲಸವನ್ನು ಬಿಡುವುದಿಲ್ಲ ಎಂದುಕೊಂಡೆ.

ಈ ವೃತ್ತಿಯಲ್ಲಿ ಜನ ಕಡಿಮೆ, ಹೆಚ್ಚಿನವರಿಗೆ ಪರಸ್ಪರ ಪರಿಚಯ. ಅವರ ಹೆಸರುಗಳು ವಿಚಾರಸಂಕಿರಣದ ನಡಾವಳಿಗಳಲ್ಲಿ, ತರಬೇತಿ ಶಿಬಿರದ ಪಟ್ಟಿಗಳಲ್ಲಿ, ಗ್ರಂಥಸೂಚಿಗಳ ಕೃತಜ್ಞತೆಯ ಪುಟದಲ್ಲಿ ಬರುತ್ತವೆ. ನಾವು ಇಂಥ ಅಚ್ಚಾದ ಪುಟಗಳನ್ನು ಒಂದೊಂದಾಗಿ ಓದುತ್ತ ಹೋದೆವು. ಹೊಸ ಹೆಸರು ಆರಿಸಿಕೊಳ್ಳುವವರಲ್ಲಿ ಬಹಳ ಮಂದಿ ಹಳೆಯದರ ಒಂದು ತುಣುಕನ್ನು ಉಳಿಸಿಕೊಳ್ಳುತ್ತಾರೆ, ಮೊದಲ ಅಕ್ಷರವನ್ನೋ ಅಜ್ಜಿಯ ಹೆಸರನ್ನೋ. ಒಂದು ಸಣ್ಣ ಗ್ರಂಥಾಲಯದ ಹಸ್ತಪ್ರತಿ ಸೂಚಿಯ ಕೊನೆಯಲ್ಲಿ ಸಂರಕ್ಷಣೆಯ ಕೆಲಸಕ್ಕಾಗಿ ಒಬ್ಬರಿಗೆ ಧನ್ಯವಾದ ಹೇಳಿದ್ದರು. ಮೊದಲಕ್ಷರ 'ವ', ಮನೆತನದ ಹೆಸರು ತೀರಿಕೊಂಡ ತಾಯಿಯ ತವರಿನದು.

ಪಕ್ಕದಲ್ಲೇ ದುರಸ್ತಿಗೆ ಮೊದಲು ಮತ್ತು ನಂತರದ ಪುಟದ ಚಿತ್ರಗಳಿದ್ದವು. ನಾರು ಹೊರಚಾಚಿದ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮ ಕಿರಿಯ ಸಹೋದ್ಯೋಗಿ ಅದನ್ನು ಭೂತಗನ್ನಡಿಯಲ್ಲಿ ನೋಡಿ, ಇದು ಅವರದೇ ಕೈಕೆಲಸ ಎಂದು ಸಂತೋಷಪಟ್ಟ. ಆದರೆ ಒಳ್ಳೆಯ ತರಬೇತಿ ಪಡೆದವರೆಲ್ಲರೂ ಹಾಗೆಯೇ ಮಾಡುತ್ತಾರೆ. ಹುಡುಕುತ್ತಿರುವುದು ಕಣ್ಣೆದುರು ಬಂದಂತೆ ಕಂಡಾಗ ಪ್ರತಿಯೊಂದು ಹೋಲಿಕೆಯೂ ಪುರಾವೆಯಂತೆ ತೋರುತ್ತದೆ. ಅದೇ ಹೆಸರಿನ ಬೇರೊಬ್ಬರ ಬಾಗಿಲು ತಟ್ಟಿ ಅವರ ಬದುಕನ್ನು ಕಲಕಿದ ಪ್ರಸಂಗಗಳು ಈ ವೃತ್ತಿಯಲ್ಲಿ ಕಡಿಮೆಯಿಲ್ಲ. ಕಡತದಲ್ಲಿ "ಸಾಧ್ಯತೆ ಇದೆ" ಎಂದಷ್ಟೇ ಬರೆದೆವು.

ಮಾಡದೆ ಬಿಟ್ಟ ಫೋನ್ ಕರೆ

ಅದೇ ಸಹೋದ್ಯೋಗಿ ಸುಲಭದ ದಾರಿಯನ್ನು ಮುಂದಿಟ್ಟ. ಗ್ರಂಥಾಲಯಕ್ಕೆ ಫೋನ್ ಮಾಡಿ, ಕಾಗದ ಸರಬರಾಜು ಮಾಡುವವರು ನಾವು, ಮೇಡಂ ತರಿಸಿದ ಕಟ್ಟು ಬಂದಿದೆ, ಯಾವ ವಿಳಾಸಕ್ಕೆ ಕಳುಹಿಸಲಿ ಎಂದು ಕೇಳಿದರೆ ಐದು ನಿಮಿಷದ ಕೆಲಸ ಎಂದ. ನಿಜ, ಐದು ನಿಮಿಷದ ಕೆಲಸವೇ. ಸುಳ್ಳು ನೆಪದ ಕರೆ ನಮ್ಮ ವೃತ್ತಿಯ ಅತ್ಯಂತ ಹಳೆಯ ಸಾಧನ, ಅತ್ಯಂತ ಕೆಟ್ಟದ್ದೂ ಹೌದು.

ಅದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದಾಖಲೆ ಇದೆ. 1999ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಯುವತಿಯೊಬ್ಬಳ ವಿವರಗಳನ್ನು ಡಾಕ್ಯುಸರ್ಚ್ ಎಂಬ ಸಂಸ್ಥೆ ಒಬ್ಬ ಗಿರಾಕಿಗೆ ಮಾರಿತು. ಆಕೆ ಕೆಲಸ ಮಾಡುವ ಜಾಗ ತಿಳಿಯಲು ಸುಳ್ಳು ಪರಿಚಯ ಹೇಳಿಕೊಂಡು ಆಕೆಗೇ ಫೋನ್ ಮಾಡಲಾಗಿತ್ತು. ಆ ಗಿರಾಕಿ ಆಕೆಯನ್ನು ವರ್ಷಗಳಿಂದ ಬೆನ್ನುಹತ್ತಿದ್ದವನು. ಕೆಲಸದ ಜಾಗಕ್ಕೆ ಹೋಗಿ ಆಕೆಯನ್ನು ಗುಂಡಿಟ್ಟು ಕೊಂದು ತಾನೂ ಸತ್ತ. 2003ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಒಬ್ಬರ ಖಾಸಗಿ ಮಾಹಿತಿಯನ್ನು ಗಿರಾಕಿಗೆ ಕೊಡುವಾಗ ಆ ವ್ಯಕ್ತಿಯ ಬಗ್ಗೆ ತಕ್ಕ ಎಚ್ಚರ ವಹಿಸುವ ಹೊಣೆ ಪತ್ತೆದಾರರ ಮೇಲಿದೆ ಎಂದು ಹೇಳಿತು. ಆ ಕೊಲೆಗೂ ಹತ್ತು ವರ್ಷ ಮೊದಲು, 1989ರಲ್ಲಿ, ನಟಿ ರೆಬೆಕಾ ಶೆಫರ್ ಅವರ ಮನೆಯ ವಿಳಾಸವನ್ನು ಕೊಲೆಗಾರ ಪಡೆದದ್ದು ಒಬ್ಬ ಖಾಸಗಿ ಪತ್ತೆದಾರನ ಮೂಲಕ, ವಾಹನ ನೋಂದಣಿ ಇಲಾಖೆಯ ದಾಖಲೆಯಿಂದ. ಚಾಲಕರ ಖಾಸಗಿ ಮಾಹಿತಿಯನ್ನು ಕಾಪಾಡುವ ಕಾನೂನು ಅಲ್ಲಿ ಬಂದದ್ದು 1994ರಲ್ಲಿ. ಈ ಎರಡೂ ಘಟನೆಗಳಲ್ಲಿ ವಿಳಾಸ ಹುಡುಕಿಕೊಟ್ಟವರು ಗಿರಾಕಿ ಕೇಳಿದ್ದನ್ನು ಒದಗಿಸಿದ್ದೇವೆ ಎಂದಷ್ಟೇ ತಿಳಿದಿದ್ದರು. ಕೇಳುತ್ತಿರುವವರು ಯಾರು ಎಂದು ಅವರು ನೋಡಲಿಲ್ಲ. ನಮ್ಮ ಕಡತದಲ್ಲಂತೂ ಎಚ್ಚರಿಕೆ ಮೆಟ್ಟಿಲ ಮೇಲೆಯೇ ಸಿಕ್ಕಿತ್ತು.

ಹೊಸಬರಿಗೆ ನಾನು ಹೇಳುವ ವ್ಯಾವಹಾರಿಕ ಕಾರಣವೂ ಒಂದಿದೆ. ಅಡಗಿ ಬದುಕುವವರು ತಮ್ಮ ಸುತ್ತಲಿನ ಒಬ್ಬಿಬ್ಬರಿಗಾದರೂ "ಯಾರಾದರೂ ನನ್ನ ಬಗ್ಗೆ ವಿಚಾರಿಸಿದರೆ ಹೇಳಿ" ಎಂದು ಹೇಳಿಟ್ಟಿರುತ್ತಾರೆ. ಸುಳ್ಳು ಕರೆಯ ಸುದ್ದಿ ಸಂಜೆಯೊಳಗೆ ಅವರಿಗೆ ಮುಟ್ಟುತ್ತದೆ. ತರಿಸದ ಕಾಗದದ ಕಟ್ಟು ಬಂದಿದೆ ಎಂದರೆ ಅರ್ಥವಾಗದೆ ಇರುವುದಿಲ್ಲ. ಮರುದಿನ ಅವರು ಮತ್ತೆ ಊರು ಬಿಟ್ಟಿರುತ್ತಾರೆ, 14 ವರ್ಷ ಕಟ್ಟಿಕೊಂಡದ್ದನ್ನು ನಮ್ಮಿಂದಾಗಿ ಕಳೆದುಕೊಂಡು.

ಗುರುಗಳು ಕೇಳಿದ ಪ್ರಶ್ನೆ

ಪ್ರಮಾಣಪತ್ರ ಕೊಟ್ಟ ತರಬೇತಿ ಕೇಂದ್ರದಲ್ಲಿ ವಸುಧಾ ಅವರಿಗೆ ಕಲಿಸಿದ್ದ ಹಿರಿಯ ಮಹಿಳೆ ಈಗ ನಿವೃತ್ತರು. ಅವರ ಬಳಿಗೆ ನಾನೇ ಹೋದೆ. ಬಾಗಿಲಲ್ಲೇ ನನ್ನ ಹೆಸರು, ವೃತ್ತಿ, ಯಾವ ವಕೀಲರ ಪರವಾಗಿ ಬಂದಿದ್ದೇನೆ ಎಂಬುದನ್ನು ಹೇಳಿ ಗುರುತಿನ ಚೀಟಿ ತೋರಿಸಿದೆ. ವಸುಧಾ ಅವರನ್ನು ಹುಡುಕುತ್ತಿದ್ದೇನೆ ಎಂದೆ.

ಇಂಥ ಹೊತ್ತಿನಲ್ಲಿ ಉತ್ತರಕ್ಕಿಂತ ಮೊದಲು ಬರುವ ಪ್ರಶ್ನೆಯನ್ನು ಗಮನಿಸಬೇಕು. ಏನೂ ತಿಳಿಯದವರು "ಅಯ್ಯೋ, ಅವಳಿಗೇನಾಯಿತು? ಯಾವಾಗಿನಿಂದ ಕಾಣುತ್ತಿಲ್ಲ?" ಎನ್ನುತ್ತಾರೆ. ಇವರು ಹಾಗೆ ಕೇಳಲಿಲ್ಲ. ನನ್ನ ಗುರುತಿನ ಚೀಟಿಯನ್ನು ಎರಡೂ ಬದಿ ತಿರುಗಿಸಿ ಓದಿ, "ನಿಮ್ಮನ್ನು ಕಳುಹಿಸಿದವರು ವಕೀಲರೋ, ಅವಳ ಅಣ್ಣನೋ?" ಎಂದರು. ಆಮೇಲೆ ತಮಗೆ ಅವಳ ಬಗ್ಗೆ ಏನೂ ಗೊತ್ತಿಲ್ಲ ಎಂದರು.

ಅಷ್ಟರಲ್ಲಿ ನನಗೆ ಎರಡು ಸಂಗತಿ ತಿಳಿದಿದ್ದವು. ವಸುಧಾ ಬದುಕಿದ್ದಾರೆ, ಅವರು ತಪ್ಪಿಸಿಕೊಂಡದ್ದು ಅಣ್ಣನಿಂದ. ಇಲ್ಲಿಂದ ಮುಂದೆ ಒತ್ತಾಯಿಸಬಹುದಿತ್ತು, ಮನೆಯ ಮೇಲೆ ಕಣ್ಣಿಡಬಹುದಿತ್ತು. ನಾನು ಹೇಳಿದ್ದು ಇಷ್ಟೇ: "ಮೇಡಂ, ನನಗೆ ವಿಳಾಸ ಬೇಡ. ನಿಮಗೆ ಗೊತ್ತಿದೆ ಎಂದು ಒಪ್ಪಿಕೊಳ್ಳುವುದೂ ಬೇಡ. ಒಂದು ಪತ್ರ ಬಿಟ್ಟು ಹೋಗುತ್ತೇನೆ. ತಲುಪಿಸಲು ಸಾಧ್ಯವಾದರೆ ತಲುಪಿಸಿ, ಆಗದಿದ್ದರೆ ಹರಿದುಹಾಕಿ." ವಕೀಲರೊಂದಿಗಿನ ಒಪ್ಪಂದದ ಆ ಷರತ್ತಿರುವ ಪುಟದ ನಕಲನ್ನೂ ಕೊಟ್ಟೆ. ಅದನ್ನು ಅವರು ನಿಧಾನವಾಗಿ, ಬೆರಳು ಹಿಡಿದು ಓದಿದರು. ಪತ್ರವನ್ನು ತೆಗೆದುಕೊಂಡರು.

ಆಮೇಲೂ ಗ್ರಂಥಾಲಯದ ದಾರಿ ತೆರೆದೇ ಇತ್ತು. ಆ ಊರಿಗೆ ಹೋಗಿ ದೂರದಿಂದ ನೋಡಿ ಖಚಿತಪಡಿಸಿಕೊಳ್ಳೋಣ ಎಂಬ ಮಾತು ಕಚೇರಿಯಲ್ಲಿ ಬಂತು. ಬೇಡ ಎಂದೆ. ಪತ್ರ ಕೊಟ್ಟ ಮೇಲೆ ಹಿಂದಿನ ಬಾಗಿಲಿನಿಂದ ಹೋಗಿ ಇಣುಕಿದರೆ ಗುರುಗಳಿಗೆ ಕೊಟ್ಟ ಮಾತಿಗೆ ಬೆಲೆ ಇರುವುದಿಲ್ಲ. ನಮಗೆ ಬೇಕಾದ ಖಚಿತತೆಯನ್ನು ವಸುಧಾ ಅವರೇ ಒದಗಿಸಬಲ್ಲರು.

ಎರಡು ಲಕೋಟೆ

ಆ ಪತ್ರ ಬರೆಯುವುದೇ ಇಡೀ ಪ್ರಕರಣದ ಕಷ್ಟದ ಕೆಲಸವಾಗಿತ್ತು. ತಾಯಿ ತೀರಿಕೊಂಡ ಸುದ್ದಿ ವಸುಧಾ ಅವರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿಲ್ಲದಿದ್ದರೆ ಅಪರಿಚಿತನ ಟೈಪ್ ಮಾಡಿದ ಕಾಗದದಲ್ಲಿ ಅದನ್ನು ಓದಬೇಕಾಗುತ್ತಿತ್ತು. ಹಾಗೆಂದು ಸಾವನ್ನು ಮುಚ್ಚಿಟ್ಟು, "ನಿಮಗೆ ಆಸ್ತಿ ಬರುವುದಿದೆ, ಸಂಪರ್ಕಿಸಿ" ಎಂದು ಬರೆದರೆ ಅದು ಗಾಳಕ್ಕೆ ಸಿಕ್ಕಿಸಿದ ಹುಳು. ಸಾಲಗಾರರನ್ನು ಹೊರಗೆಳೆಯಲು ಕೆಲವರು ಹಾಗೆಯೇ ಬರೆಯುತ್ತಾರೆ.

ಕೊನೆಗೆ ಎರಡು ಲಕೋಟೆ ಮಾಡಿದೆವು. ಹೊರಗಿನದರಲ್ಲಿ ನಾವು ಯಾರು, ಯಾರ ಪರವಾಗಿ ಬರೆಯುತ್ತಿದ್ದೇವೆ, ನಿಮ್ಮ ವಿಳಾಸ ನಮ್ಮ ಬಳಿ ಇಲ್ಲ, ಯಾರಿಗೂ ಕೊಡುವುದಿಲ್ಲ ಎಂದು ಲಿಖಿತ ಒಪ್ಪಂದವಿದೆ ಎಂದು ಬರೆದಿತ್ತು. ಒಳಗಿನ ಲಕೋಟೆಯಲ್ಲಿ ಕುಟುಂಬದ ಒಂದು ದುಃಖದ ಸುದ್ದಿಯೂ ಅದರಿಂದ ಹುಟ್ಟಿದ ಕಾನೂನಿನ ವಿಷಯವೂ ಇವೆ, ತೆರೆಯದೆ ಹಿಂತಿರುಗಿಸುವ ಹಕ್ಕು ನಿಮಗಿದೆ, ಉತ್ತರ ಬರದಿದ್ದರೆ "ಸಂಪರ್ಕ ಸಾಧ್ಯವಾಗಲಿಲ್ಲ" ಎಂದಷ್ಟೇ ವರದಿ ಮಾಡುತ್ತೇವೆ ಎಂದೂ ಸೇರಿಸಿದೆವು. ಒಳಗಿನ ಪತ್ರದ ಕೊನೆಗೆ ಒಂದು ಸಲಹೆ: ಮಾತಾಡಲು ಇಷ್ಟವಿದ್ದರೆ ನೀವಿರುವ ಊರಲ್ಲದ ಬೇರೊಂದು ಊರಿನ ವಕೀಲರನ್ನು ಗೊತ್ತುಮಾಡಿ, ಅವರ ಮೂಲಕ ಮಾತಾಡಿ.

ಬಹಳ ದಿನ ಏನೂ ಬರಲಿಲ್ಲ. ಹಿರಿಯಣ್ಣ ಕಚೇರಿಗೆ ಎರಡು ಬಾರಿ ಬಂದರು. ಎರಡನೆಯ ಬಾರಿ ಒಬ್ಬರೇ ಬಂದು, ವಕೀಲರಿಗೆ ತಿಳಿಯದಂತೆ ವಿಳಾಸ ಕೊಟ್ಟರೆ ಶುಲ್ಕದ ಮೇಲೆ ಇನ್ನಷ್ಟು ಕೊಡುವುದಾಗಿ ಹೇಳಿದರು. ತಂಗಿಯನ್ನು ಕಾಣುವ ಹಂಬಲ ಅಷ್ಟಿದೆ ಎಂದರು. ಆ ಭೇಟಿಯ ವಿವರ ಬರೆದು ಅದೇ ದಿನ ವಕೀಲರಿಗೆ ಕಳುಹಿಸಿದೆ.

ಸಹಿ, ಮುದ್ರೆ, ಊರು

ಉತ್ತರ ಬಂದದ್ದು ನಾವು ಕೇಳಿಕೊಂಡಂತೆಯೇ, ಬೇರೊಂದು ಊರಿನ ವಕೀಲೆಯಿಂದ. ತಮ್ಮ ಕಕ್ಷಿದಾರರು ವಸುಧಾ ಎಂದು ತಿಳಿಸಿದ್ದರು. ಗುರುತು ಖಚಿತಪಡಿಸಲು ಅವರಿಗೆ ಒಂದು ಪ್ರಶ್ನೆ ಕಳುಹಿಸಿದೆವು: ತಾಯಿಯ ಹೊಲಿಗೆ ಯಂತ್ರದ ಖಾನೆಯಲ್ಲಿ ಯಾವಾಗಲೂ ಇರುತ್ತಿದ್ದದ್ದು ಏನು? ಪ್ರಶ್ನೆ ಕೊಟ್ಟವರು ತಂಗಿ. ಅಣ್ಣಂದಿರಿಗೆ ಇದರ ಉತ್ತರ ಗೊತ್ತಿಲ್ಲ ಎಂಬುದನ್ನು ಮೊದಲೇ ವಿಚಾರಿಸಿಕೊಂಡಿದ್ದೆವು. ಸರಿಯಾದ ಉತ್ತರ ಬಂತು. ಮೂಲ ಗುರುತಿನ ದಾಖಲೆಗಳನ್ನು ವಕೀಲೆ ತಾವೇ ಪರಿಶೀಲಿಸಿ ಪ್ರಮಾಣೀಕರಿಸಿದರು.

ಎಲ್ಲರ ಲೆಕ್ಕ ತಪ್ಪಿದ್ದು ಇಲ್ಲಿ. ಬಳೆಯನ್ನೂ ಬಿಟ್ಟು ಹೋದವಳು ಆಸ್ತಿ ಕೇಳುತ್ತಾಳೆಯೇ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಕಳುಹಿಸುತ್ತಾಳೆ ಎಂದು ಕುಟುಂಬ ನಂಬಿತ್ತು. ಕರಡು ಪತ್ರವೂ ಸಿದ್ಧವಾಗಿತ್ತು. ವಸುಧಾ ತಮ್ಮ ಕಾಲುಭಾಗ ಪೂರ್ತಿ ಬೇಕೆಂದರು. ಭೇಟಿ ಬೇಡ, ಫೋನ್ ಬೇಡ, ಪಾಲು ಬೇಕು. ಇದನ್ನು ಕೇಳಿ ನನಗೆ ಮನಸ್ಸು ತುಂಬಿ ಬಂತು. ಅಡಗಿರುವವರು ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದಾರೆ ಎಂದುಕೊಳ್ಳುವುದು ಹೊರಗಿನವರ ಅನುಕೂಲದ ಊಹೆ.

ಇನ್ನು ಉಳಿದದ್ದು ಕಾಗದಪತ್ರ. ಹುಡುಕಾಟದವರು ಸಾಮಾನ್ಯವಾಗಿ ಈ ಹಂತದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ಆದರೆ ಅತ್ಯಂತ ಹೆಚ್ಚು ಸೋರಿಕೆಯಾಗುವುದು ಇಲ್ಲಿಯೇ. ಮಾರಾಟಕ್ಕೆ ತಮ್ಮ ಪರವಾಗಿ ಸಹಿ ಹಾಕಲು ಬೇರೊಬ್ಬರಿಗೆ ವಸುಧಾ ಅಧಿಕಾರ ಪತ್ರ ಕೊಡಬೇಕಿತ್ತು. ನೋಟರಿಯ ದುಂಡು ಮುದ್ರೆಯಲ್ಲಿ ಆತನ ಹೆಸರು, ನೋಂದಣಿ ಸಂಖ್ಯೆ, ಕಾರ್ಯವ್ಯಾಪ್ತಿಯ ಊರು ಎಲ್ಲ ಇರುತ್ತದೆ. ಸಾಕ್ಷಿಗಳು ತಮ್ಮ ವಿಳಾಸ ಬರೆಯುತ್ತಾರೆ. ಅಂಚೆಯ ಲಕೋಟೆಯ ಮೇಲೆ ಕಳುಹಿಸಿದ ಕಚೇರಿಯ ಮುದ್ರೆ ಬೀಳುತ್ತದೆ. ಹಣ ಹಾಕಲು ಕೊಡುವ ಖಾತೆಯ ವಿವರದಿಂದ ಬ್ಯಾಂಕಿನ ಶಾಖೆ ತಿಳಿಯುತ್ತದೆ. 14 ವರ್ಷ ಜೋಪಾನವಾಗಿ ಕಾಪಾಡಿದ್ದನ್ನು ಒಂದು ರಬ್ಬರ್ ಮುದ್ರೆ ಬಯಲು ಮಾಡಿಬಿಡಬಹುದಿತ್ತು.

ಇದನ್ನು ನಾನು ಇಬ್ಬರೂ ವಕೀಲರೊಂದಿಗೆ ಕುಳಿತು ಸಾಲು ಸಾಲಾಗಿ ನೋಡಿದೆ. ವಸುಧಾ ತಮ್ಮ ಊರಿನಿಂದ ದೂರದ, ವಕೀಲೆಯ ಊರಿಗೆ ಬಂದು ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿದರು. ಸಾಕ್ಷಿಗಳಿಬ್ಬರೂ ವಕೀಲೆಯ ಕಚೇರಿಯವರೇ. ಅಧಿಕೃತ ದಾಖಲೆಗಳಲ್ಲಿ ಅವರು ಹೆಸರು ಬದಲಿಸಿರಲಿಲ್ಲ, ಕೆಲಸದ ಜಾಗದಲ್ಲಿ ಮಾತ್ರ ತಾಯಿಯ ತವರಿನ ಹೆಸರು ಬಳಸುತ್ತಿದ್ದರು. ಹಾಗಾಗಿ ಪತ್ರದಲ್ಲಿ ಹೊಸ ಹೆಸರನ್ನು ಕಾಣಿಸುವ ಅಗತ್ಯ ಬೀಳಲಿಲ್ಲ. ಪತ್ರವ್ಯವಹಾರದ ವಿಳಾಸ ವಕೀಲೆಯ ಕಚೇರಿಯದು. ಹಣವೂ ಮೊದಲು ವಕೀಲೆಯ ಮೂಲಕವೇ ಹೋಯಿತು.

ಮಾರಾಟ ಮುಗಿದ ಕೆಲವು ವಾರಗಳಲ್ಲಿ ಹಿರಿಯಣ್ಣ ಅಧಿಕಾರ ಪತ್ರದ ಮುದ್ರೆಯಲ್ಲಿದ್ದ ಊರಿಗೆ ಹೋಗಿ, ನೋಟರಿಯನ್ನು ಹುಡುಕಿ, ತಂಗಿಯ ಹಳೆಯ ಫೋಟೊ ತೋರಿಸಿ ವಿಚಾರಿಸಿದರು. ವಕೀಲೆ ತಿಳಿಸಿದಾಗಲೇ ನಮಗೆ ಗೊತ್ತಾದದ್ದು. ಅಲ್ಲಿ ಅವರಿಗೆ ಸಿಗಬಹುದಾದದ್ದು ಏನೂ ಇರಲಿಲ್ಲ.

ಕಡತ ಮುಚ್ಚುವ ಮುನ್ನ

ವರದಿಯಲ್ಲಿ ವಕೀಲರಿಗೆ ಕೊಟ್ಟದ್ದು ನಾಲ್ಕೇ ಸಾಲು: ವ್ಯಕ್ತಿ ಬದುಕಿದ್ದಾರೆ, ಗುರುತು ಖಚಿತವಾಗಿದೆ, ಪ್ರತಿನಿಧಿ ಇಂಥವರು, ಇತರ ವಿವರ ನೀಡಲು ಒಪ್ಪಿಗೆ ಇಲ್ಲ. ಗ್ರಂಥಾಲಯದ ಹೆಸರಿದ್ದ ಟಿಪ್ಪಣಿಗಳನ್ನು ನಾಶಪಡಿಸಿದೆವು. ಕಡತದಲ್ಲಿ ಉಳಿದ ಮಾಹಿತಿ ನಾಳೆ ಯಾರ ಕೈಗಾದರೂ ಸಿಗಬಹುದು, ಕೆಲಸ ಬಿಟ್ಟುಹೋಗುವ ನೌಕರನ ಕೈಗೂ.

ಆದರೆ ನಮ್ಮ ಟಿಪ್ಪಣಿ ಸುಟ್ಟರೆ ದಾರಿ ಅಳಿಸಿಹೋಗುವುದಿಲ್ಲವಲ್ಲ. ನಾವು ನಡೆದ ದಾರಿಯಲ್ಲಿ ಇನ್ನೊಬ್ಬರೂ ನಡೆಯಬಹುದು. ಅವರು ನೆಪ ಹೇಳಿ ಫೋನ್ ಮಾಡಲು ಹಿಂಜರಿಯದವರಾಗಿರಬಹುದು, ಹಿರಿಯಣ್ಣನಿಂದ ನೇರವಾಗಿ ಹಣ ಪಡೆದವರೂ ಆಗಿರಬಹುದು. ಹಾಗಾಗಿ ಒಂದು ಕೊನೆಯ ಕೆಲಸ ಮಾಡಿದೆವು. ನಾವು ಅವರವರೆಗೆ ಹೇಗೆ ಬಂದೆವು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು, ಮೊಹರು ಮಾಡಿ, ವಕೀಲೆಯ ಮೂಲಕ ವಸುಧಾ ಅವರಿಗೇ ಕಳುಹಿಸಿದೆವು: ಒಯ್ದ ಕುಂಚಗಳ ನೆನಪು, ತಾಯಿಯ ತವರಿನ ಹೆಸರು, ಸೂಚಿಯ ಕೊನೆಯ ಪುಟ, ಗುರುಗಳು. ಯಾವುದನ್ನು ಮುಚ್ಚಬೇಕು, ಯಾವುದನ್ನು ಹಾಗೆಯೇ ಬಿಡಬೇಕು ಎಂಬುದು ಅವರ ತೀರ್ಮಾನ. ಇದಕ್ಕೆ ಯಾರೂ ಹಣ ಕೊಟ್ಟಿರಲಿಲ್ಲ. ಆದರೆ ಒಪ್ಪಿಗೆಯಿಲ್ಲದೆ ಹುಡುಕಿಸಿಕೊಂಡವರಿಗೆ ನಾವು ಸಲ್ಲಿಸಬೇಕಾದ ಋಣ ಇದೆಂದು ನನಗನ್ನಿಸುತ್ತದೆ. ಈ ವೃತ್ತಿಯ ಇತರರೂ ಇದನ್ನು ರೂಢಿ ಮಾಡಿಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಗ್ರಂಥಾಲಯದ ಆನ್‌ಲೈನ್ ಸೂಚಿಯಲ್ಲಿ ಕೃತಜ್ಞತೆಯ ಆ ಸಾಲು ಈಗ ಇಲ್ಲ. ಅಚ್ಚಾದ ಪ್ರತಿಗಳಲ್ಲಿ ಇದೆ. ಅವನ್ನು ಹಿಂಪಡೆಯುವಂತೆ ವಸುಧಾ ಕೇಳಲಿಲ್ಲವೆಂದು ವಕೀಲೆ ತಿಳಿಸಿದರು. ತಂಗಿ ಬರೆದ ಪತ್ರವೊಂದನ್ನು ಅದೇ ವಕೀಲೆಗೆ ತಲುಪಿಸಿದೆವು. ಮುಂದಿನ ಪತ್ರಗಳು ಇದ್ದರೆ ನಮ್ಮ ಮೂಲಕ ಬರಬೇಕಿಲ್ಲ, ನೇರವಾಗಿ ಅಲ್ಲಿಗೇ ಹೋಗಲಿ ಎಂದು ತಂಗಿಗೆ ವಕೀಲೆಯ ಕಚೇರಿಯ ವಿಳಾಸ ಬರೆದುಕೊಟ್ಟೆವು.